ಕಾಗದದಲ್ಲಿ ಓ, ಟೈಲಿನ ಮೇಲೆ ಎ

ಬ್ಲಡ್ ಗ್ರೂಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ರಕ್ತದಾನದ ಬಗ್ಗೆ ಬರೆದಿದ್ದೆ. ಅದನ್ನು ಓದಿ ನೀವು ಬರೆದ ಕಾಗದಗಳು ನನ್ನ ಊಟದ ಮೇಜಿನ ಅರ್ಧ ಜಾಗ ಹಿಡಿದಿವೆ. ಪೆರ್ಲ, ಮುಳ್ಳೇರಿಯ, ಅಡೂರು, ಮಂಜೇಶ್ವರ, ಉಪ್ಪಳ, ಎಲ್ಲ ಕಡೆಯಿಂದ ಬಂದಿವೆ. ದಾನದ ಬಗ್ಗೆ ಕೇಳಿದವರು ಕಡಿಮೆ. ಗ್ರೂಪಿನ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರಲ್ಲ. ಮಂಗಳೂರಿನ ಬ್ಲಡ್ ಬ್ಯಾಂಕೊಂದರಲ್ಲಿ 31 ವರ್ಷ ಟೆಕ್ನೀಷಿಯನ್ ಆಗಿದ್ದವಳು. ಬೆಳಗ್ಗೆ ಕುಂಬಳೆಯಲ್ಲಿ ಬಸ್ಸು ಹತ್ತಿ ತಲಪಾಡಿ ದಾಟುವುದು, ಸಂಜೆ ಅದೇ ದಾರಿಯಲ್ಲಿ ಮನೆಗೆ ಬರುವುದು. ಔಷಧಿಯ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಟ್ಯೂಬು, ಟೈಲು, ರಕ್ತದ ಚೀಲ, ಇವುಗಳ ವಿಷಯ ನನ್ನನ್ನು ಕೇಳಿ.

ಪ್ರಶ್ನೆ: ಅಕ್ಕಾ, ನನ್ನದು ಓ ಪಾಸಿಟಿವ್. ಗಂಡನದು ಎಬಿ ಪಾಸಿಟಿವ್. ನಮಗೆ ಏಳು ತಿಂಗಳ ಮಗಳಿದ್ದಾಳೆ. ಅವಳು ಹುಟ್ಟಿದಾಗ ಕೊಟ್ಟ ಕಾಗದದಲ್ಲಿ ಓ ಪಾಸಿಟಿವ್ ಅಂತ ಬರೆದಿದ್ದಾರೆ. ಗಂಡನ ಅಕ್ಕನ ಮಗಳು ನರ್ಸಿಂಗ್ ಓದುತ್ತಾಳೆ. ಓಣಂ ರಜೆಯಲ್ಲಿ ಬಂದವಳು ಆ ಕಾಗದ ನೋಡಿ, ‘ಎಬಿ ಅಪ್ಪನಿಗೆ ಓ ಮಗು ಹುಟ್ಟುವುದಿಲ್ಲವಲ್ಲ’ ಅಂದಳು. ಅವತ್ತಿನಿಂದ ಅತ್ತೆ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಗಂಡ ಏನೂ ಹೇಳುವುದಿಲ್ಲ, ಆದರೆ ಮಗುವನ್ನು ಎತ್ತಿಕೊಳ್ಳುವುದು ಕಡಿಮೆ ಮಾಡಿದ್ದಾರೆ. ದೇವರಾಣೆ, ನಾನು ಏನೂ ತಪ್ಪು ಮಾಡಿಲ್ಲ. ಊರು, ಹೆಸರು ಹಾಕಬೇಡಿ.

ಉತ್ತರ: ತಂಗೀ, ನಿಮ್ಮ ಕಾಗದ ಕೈಗೆ ಸಿಕ್ಕಿದ ದಿನವೇ ನಾನು ಫೋನ್ ಮಾಡಿದ್ದು ನಿಮಗೆ ಗೊತ್ತಿದೆ. ಆಮೇಲೆ ಏನಾಯಿತು ಅನ್ನುವುದೂ ಗೊತ್ತಿದೆ. ಹಾಗಿದ್ದರೂ ನಿಮ್ಮ ಒಪ್ಪಿಗೆ ಕೇಳಿ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇದೇ ಕಾಗದ ಹಿಡಿದುಕೊಂಡು ಬ್ಲಡ್ ಬ್ಯಾಂಕಿನ ಕಿಟಕಿಯ ಹತ್ತಿರ ಅಳುತ್ತಾ ನಿಂತ ಹೆಂಗಸರನ್ನು ನಾನು ನೋಡಿದ್ದೇನೆ.

ಮೊದಲು ಆ ಹುಡುಗಿ ಹೇಳಿದ ಮಾತು. ಅದು ಅವಳ ಪಾಠದಲ್ಲಿ ಇರುವುದೇ, ಅವಳ ಮೇಲೆ ಸಿಟ್ಟು ಬೇಡ. ಪ್ರತಿಯೊಬ್ಬರ ಹತ್ತಿರ ಗ್ರೂಪಿನ ಎರಡು ಚೀಟಿ ಇರುತ್ತವೆ ಅಂತ ಇಟ್ಟುಕೊಳ್ಳಿ. ಒಂದು ಅಮ್ಮ ಕೊಟ್ಟದ್ದು, ಇನ್ನೊಂದು ಅಪ್ಪ ಕೊಟ್ಟದ್ದು. ಚೀಟಿಯಲ್ಲಿ ಎ, ಬಿ, ಓ, ಈ ಮೂರರಲ್ಲಿ ಒಂದು ಬರೆದಿರುತ್ತದೆ. ಎ ಮತ್ತು ಬಿ ಎದ್ದು ಕಾಣುತ್ತವೆ. ಓ ಚೀಟಿ ಇದ್ದರೂ ಅವುಗಳ ಹಿಂದೆ ಅಡಗಿರುತ್ತದೆ. ಎರಡೂ ಓ ಆದರೆ ಮಾತ್ರ ಗ್ರೂಪು ಓ. ಎ ಗ್ರೂಪಿನವರ ಕೈಯಲ್ಲಿ ಎರಡು ಎ ಇರಬಹುದು, ಒಂದು ಎ ಒಂದು ಓ ಕೂಡ ಇರಬಹುದು. ಅದಕ್ಕೇ ಅಪ್ಪ ಎ, ಅಮ್ಮ ಬಿ ಆದ ಮನೆಯಲ್ಲಿ ನಾಲ್ಕು ಮಕ್ಕಳಿಗೆ ನಾಲ್ಕು ಗ್ರೂಪು ಬಂದರೂ ಆಶ್ಚರ್ಯ ಇಲ್ಲ. ಎಬಿಯವರ ಹತ್ತಿರ ಮಾತ್ರ ಒಂದು ಎ, ಒಂದು ಬಿ. ಓ ಚೀಟಿಗೆ ಜಾಗವೇ ಇಲ್ಲ. ಹಾಗಾಗಿ ಎಬಿ ಅಪ್ಪ, ಓ ಅಮ್ಮ ಅಂದರೆ ಮಗು ಎ ಆಗಬೇಕು, ಇಲ್ಲವೇ ಬಿ. ಲೆಕ್ಕ ಸರಿ.

ಆದರೆ ಆ ಲೆಕ್ಕ ಕೂತಿರುವುದು ಮೂರು ಕಾಗದಗಳ ಮೇಲೆ. ಆ ಮೂರೂ ಸರಿ ಇವೆಯಾ ಅಂತ ಯಾರಾದರೂ ನೋಡಿದ್ದರಾ? ನಾನು ನಿಮ್ಮನ್ನು ಕೇಳಿದ್ದು ಅದನ್ನೇ. ಮಗುವಿನ ಗ್ರೂಪನ್ನು ಹುಟ್ಟಿದ ದಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ನೋಡಿದ್ದು. ಗಂಡನದ್ದು ಹದಿನೈದು ವರ್ಷದ ಹಿಂದೆ ಕಾಲೇಜಿನ ಶಿಬಿರದಲ್ಲಿ ನೋಡಿದ್ದು.

ಮಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಹುಡುಗಿಯೊಬ್ಬಳ ಲ್ಯಾಬಿಗೆ ನೀವು ಮೂವರೂ ಬಂದಿರಿ. ನಾನೂ ಬಂದೆ. ಅಲ್ಲಿ ಕಂಡದ್ದನ್ನು ಓದುಗರಿಗೂ ಹೇಳುತ್ತೇನೆ. ಬಿಳಿ ಟೈಲಿನ ಮೇಲೆ ಮೂರು ಹನಿ ರಕ್ತ. ಒಂದಕ್ಕೆ ನೀಲಿ ದ್ರವ, ಅದು ಎ ಹಿಡಿಯಲು. ಇನ್ನೊಂದಕ್ಕೆ ಹಳದಿ, ಬಿ ಹಿಡಿಯಲು. ಮೂರನೆಯದಕ್ಕೆ ಬಣ್ಣವಿಲ್ಲದ್ದು, ಪಾಸಿಟಿವ್ ನೆಗೆಟಿವ್ ನೋಡಲು. ಕಡ್ಡಿಯಲ್ಲಿ ಕಲಸಿ ಟೈಲನ್ನು ಮೆಲ್ಲಗೆ ಅಲ್ಲಾಡಿಸಬೇಕು. ಗಡ್ಡೆ ಕಟ್ಟಿದರೆ ಹುಡುಕಿದ ಗುರುತು ಇದೆ ಅಂತ ಅರ್ಥ. ನಿಮ್ಮ ಗಂಡನ ರಕ್ತ ಹಳದಿಯಲ್ಲಿ ಕೂಡಲೇ ಹಾಲು ಒಡೆದ ಹಾಗೆ ಗಡ್ಡೆಗಡ್ಡೆಯಾಯಿತು. ನೀಲಿಯಲ್ಲಿ ತಡವಾಯಿತು. ಆದದ್ದೂ ಸಣ್ಣ ಸಣ್ಣ ಕಾಳು, ಚಿರೋಟಿ ರವೆಯ ಹಾಗೆ. ಅಂದರೆ ಎಬಿ ಹೌದು, ಆದರೆ ಅವರ ಎ ಸ್ವಲ್ಪ ಮೆತ್ತಗಿನದು.

ಎ ಗ್ರೂಪಿನಲ್ಲೂ ಎ1, ಎ2 ಅಂತ ಎರಡು ಮುಖ್ಯ ಬಗೆ ಇವೆ. ಎ2 ಇದ್ದವರ ಕೆಂಪು ಕಣಗಳ ಮೇಲೆ ಎ ಗುರುತು ಕಡಿಮೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಯಾವುದು ಗೊತ್ತಾ? ನಮ್ಮ ಹುರುಳಿ! ತುಳುವಿನ ಕುಡು, ಮಲಯಾಳದ ಮುದಿರ. ಹುರುಳಿ ಕಾಳಿನಿಂದ ತೆಗೆದ ರಸ ಎ1 ಕಣಗಳನ್ನು ಗಡ್ಡೆ ಕಟ್ಟಿಸುತ್ತದೆ, ಎ2 ಕಣಗಳನ್ನು ಮುಟ್ಟುವುದಿಲ್ಲ. ಬ್ಲಡ್ ಬ್ಯಾಂಕಿನ ಫ್ರಿಜ್ಜಿನಲ್ಲಿ ಅದರ ಸಣ್ಣ ಬಾಟಲಿ ಇರುತ್ತದೆ. ಮನೆಯಲ್ಲಿ ಹುರುಳಿ ಸಾರು ಮಾಡುವಾಗಲೆಲ್ಲ ನನಗೆ ಆ ಬಾಟಲಿ ನೆನಪಾಗುತ್ತದೆ. ನಿಮ್ಮ ಗಂಡನ ರಕ್ತಕ್ಕೆ ಆ ರಸ ಹಾಕಿದರು. ಎರಡು ನಿಮಿಷ ಅಲ್ಲಾಡಿಸಿದರೂ ಹನಿ ಹಾಗೇ ನುಣ್ಣಗೆ ಉಳಿಯಿತು. ಅವರು ಎ2ಬಿ.

ಆಮೇಲೆ ಮಗು. ಬೆರಳು ಚುಚ್ಚಿದಾಗ ಅತ್ತಳು, ಅಪ್ಪನೇ ಎತ್ತಿಕೊಂಡರು. ಹಳದಿಯಲ್ಲಿ ಏನೂ ಆಗಲಿಲ್ಲ. ನೀಲಿಯಲ್ಲಿ ಸ್ವಲ್ಪ ಹೊತ್ತಿಗೆ ಕಾಳು ಕಟ್ಟಿತು. ನಾನು ಟೈಲನ್ನು ನಿಮ್ಮ ಗಂಡನ ಕಣ್ಣಿನ ಹತ್ತಿರ ಹಿಡಿದು ತೋರಿಸಿದೆ. ಅನುಮಾನ ಉಳಿಯಬಾರದು ಅಂತ ಟ್ಯೂಬಿನಲ್ಲೂ ಮಾಡಿಸಿದೆವು. ಮಗು ಎ ಪಾಸಿಟಿವ್. ಅಪ್ಪನ ಎ, ಅಮ್ಮನ ಓ.

ಹುಟ್ಟಿದಾಗ ಓ ಅಂತ ಬರೆದದ್ದು ಹೇಗೆ? ಹಸುಗೂಸಿನ ಕಣಗಳ ಮೇಲೆ ಎ, ಬಿ ಗುರುತು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ದೊಡ್ಡವರ ಮಟ್ಟಕ್ಕೆ ಬರಲು ಎರಡು ವರ್ಷವಾದರೂ ಬೇಕು. ಅದರ ಮೇಲೆ ಈ ಮಗುವಿಗೆ ಅಪ್ಪನಿಂದ ಬಂದದ್ದೇ ಮೆತ್ತಗಿನ ಎ. ಅವಸರದಲ್ಲಿ ಟೈಲು ನೋಡಿದವರಿಗೆ ಆ ಸಣ್ಣ ಕಾಳು ಕಣ್ಣಿಗೆ ಬಿದ್ದಿಲ್ಲ. ದೊಡ್ಡವರಲ್ಲಾದರೆ ತಪ್ಪು ಹಿಡಿಯಲು ಇನ್ನೊಂದು ದಾರಿ ಇದೆ. ಕಣಗಳನ್ನು ನೋಡಿದ ಮೇಲೆ ಸೀರಮ್ಮನ್ನೂ (ರಕ್ತ ಹೆಪ್ಪುಗಟ್ಟಿದಾಗ ಬೇರೆಯಾಗುವ ತಿಳಿ ನೀರು) ನೋಡಿ ತಾಳೆ ಹಾಕುತ್ತೇವೆ. ಹಸುಗೂಸಿನಲ್ಲಿ ಆ ದಾರಿಯೂ ಇಲ್ಲ, ಯಾಕೆಂದರೆ ಅದರ ಮೈ ಸ್ವಂತ ಆಂಟಿಬಾಡಿ (ತನ್ನದಲ್ಲದ ಗುರುತಿನ ಮೇಲೆ ಬೀಳುವ, ಸೀರಮ್ಮಿನಲ್ಲಿ ಇರುವ ವಸ್ತು) ಮಾಡಲು ಶುರುಮಾಡುವುದೇ ಮೂರು, ನಾಲ್ಕು ತಿಂಗಳ ನಂತರ. ಅದಕ್ಕೇ ಹುಟ್ಟಿದಾಗಿನ ಗ್ರೂಪನ್ನು ಒಮ್ಮೆ ದೊಡ್ಡದಾದ ಮೇಲೆ ಮತ್ತೆ ನೋಡಿಸಿ ಅಂತ ಎಲ್ಲರಿಗೂ ಹೇಳುತ್ತೇನೆ.

ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ಅಲ್ಲ. ಕಾಗದ ಸರಿ ಇದ್ದೂ ಲೆಕ್ಕ ತಪ್ಪಬಹುದು. ಎ ಮತ್ತು ಬಿ ಎರಡೂ ಒಂದೇ ಚೀಟಿಯಲ್ಲಿ ಬಂದಿರುವವರು ಅಪರೂಪಕ್ಕೆ ಇದ್ದಾರೆ. ಅವರ ಇನ್ನೊಂದು ಚೀಟಿ ಓ ಆಗಿದ್ದರೆ ಮಗು ಓ ಆಗಬಹುದು. ಇನ್ನೊಂದು, ಬಾಂಬೆ ಗ್ರೂಪು. 1952ರಲ್ಲಿ ಮುಂಬೈಯಲ್ಲಿ ಡಾ. ಭೇಂಡೆ ಮತ್ತು ಅವರ ಜೊತೆಯವರು ಅದನ್ನು ಮೊದಲು ತೋರಿಸಿದ್ದು. ನಮ್ಮ ಹಂಚಿನ ಮನೆ ನೆನಪು ಮಾಡಿಕೊಳ್ಳಿ. ಹಂಚು ಕೂರಲು ಕೆಳಗೆ ರೀಪು ಬೇಕು. ಕೆಂಪು ಕಣದ ಮೇಲೆ ಎಚ್ ಅನ್ನುವ ಗುರುತೇ ರೀಪು, ಎ ಮತ್ತು ಬಿ ಹಂಚು. ರೀಪೇ ಇಲ್ಲದಿದ್ದರೆ ಮನೆಯಲ್ಲಿ ಹಂಚು ತಂದಿಟ್ಟಿದ್ದರೂ ಮಾಡಿನ ಮೇಲೆ ಕೂರುವುದಿಲ್ಲ. ಅಂಥವರ ರಕ್ತ ಟೈಲಿನ ಮೇಲೆ ಓ ಹಾಗೇ ಕಾಣುತ್ತದೆ. ಚೀಟಿಯಲ್ಲಿ ಎ ಇರಬಹುದು, ಬಿ ಇರಬಹುದು, ಮಕ್ಕಳಿಗೆ ಅದು ಹೋಗಲೂಬಹುದು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಅಂತ ಲೆಕ್ಕ ಹೇಳುತ್ತಾರೆ. ಅವರಿಗೆ ಓ ರಕ್ತವೂ ಆಗುವುದಿಲ್ಲ, ಬಾಂಬೆ ಗ್ರೂಪಿನವರದ್ದೇ ಬೇಕು. ಸೀರಮ್ ನೋಡಿದರೆ ಗೊತ್ತಾಗುತ್ತದೆ: ಅವರ ಸೀರಮ್ಮು ಓ ಕಣಗಳನ್ನೂ ಗಡ್ಡೆ ಕಟ್ಟಿಸುತ್ತದೆ.

ಅತ್ತೆಯವರು ಈ ಪುಟ ಓದುತ್ತಾರೆ ಅಂದಿದ್ದೀರಿ. ಅಮ್ಮಾ, ನಿಮಗೂ ಒಂದು ಮಾತು. ಅಪ್ಪ ಯಾರು ಅಂತ ಹೇಳುವ ಪರೀಕ್ಷೆ ಬ್ಲಡ್ ಗ್ರೂಪು ಅಲ್ಲವೇ ಅಲ್ಲ. ಸೊಸೆ ಎರಡು ತಿಂಗಳು ಅತ್ತದ್ದು ಒಂದು ಹನಿ ನೀಲಿ ದ್ರವವನ್ನು ಯಾರೋ ಅವಸರದಲ್ಲಿ ನೋಡಿದ್ದಕ್ಕೆ. ಇವತ್ತೇ ಅವಳ ಹತ್ತಿರ ಹೋಗಿ ಮಾತಾಡಿ.

ಪ್ರಶ್ನೆ: ಮಗಳಿಗೆ ಒಳ್ಳೆಯ ಸಂಬಂಧ ಬಂದಿದೆ. ಜಾತಕ ಕೂಡಿದೆ. ಆದರೆ ಇಬ್ಬರದ್ದೂ ಬಿ ಪಾಸಿಟಿವ್. ಒಂದೇ ಗ್ರೂಪಿನವರು ಮದುವೆಯಾದರೆ ಮಕ್ಕಳಿಗೆ ತೊಂದರೆ ಅಂತ ಹೇಳುತ್ತಾರೆ. (ಒಬ್ಬ ತಂದೆ, ನೀರ್ಚಾಲು)

ಉತ್ತರ: ಏನೂ ತೊಂದರೆ ಇಲ್ಲ ಅಣ್ಣ. ಮದುವೆ ಮಾಡಿಸಿ. ಒಂದೇ ಗ್ರೂಪು ಅಂದರೆ ಒಂದೇ ಕುಟುಂಬ ಅಂತ ಅಲ್ಲ. ನಮ್ಮ ದೇಶದಲ್ಲಿ ಬಿ ಮತ್ತು ಓ ಇದ್ದವರೇ ಜಾಸ್ತಿ. ಒಂದೇ ಗ್ರೂಪು ಬೇಡ ಅಂತ ಕೂತರೆ ಅರ್ಧ ಊರಿಗೆ ಮದುವೆಯೇ ಇಲ್ಲ. ಮದುವೆಗೆ ಮೊದಲು ರಕ್ತ ನೋಡಿಸುವುದಿದ್ದರೆ ತಲಸ್ಸೇಮಿಯಾ (ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತಹೀನತೆಯ ಕಾಯಿಲೆ) ಪರೀಕ್ಷೆ ಮಾಡಿಸಿ. ಅದು ಗ್ರೂಪಿಗಿಂತ ಎಷ್ಟೋ ಮುಖ್ಯ.

ಪ್ರಶ್ನೆ: ನನಗೆ ಈಗ ಐದು ತಿಂಗಳು, ಎರಡನೆಯ ಹೆರಿಗೆ. ನನ್ನದು ಎ ನೆಗೆಟಿವ್, ಗಂಡನದು ಪಾಸಿಟಿವ್. ಮೊದಲ ಮಗನದ್ದೂ ಪಾಸಿಟಿವ್. ದುಬಾರಿ ಇಂಜೆಕ್ಷನ್ ತೆಗೆದುಕೊಳ್ಳಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಮೊದಲ ಮಗು ಗುಂಡಗೆ ಚೆನ್ನಾಗಿ ಇದೆಯಲ್ಲ, ಸೂಜಿ ಯಾಕೆ ಅಂತ ಮನೆಯವರು ಕೇಳುತ್ತಾರೆ. (ಮುಳ್ಳೇರಿಯ ಕಡೆಯ ತಂಗಿ)

ಉತ್ತರ: ಸೂಜಿ ಬೇಕು. ಮೊದಲನೆಯದು ಚೆನ್ನಾಗಿರುವುದೇ ಇದರಲ್ಲಿ ಮೋಸ ಮಾಡುವುದು.

ಪಾಸಿಟಿವ್ ಅಂದರೆ ಕೆಂಪು ಕಣದ ಮೇಲೆ ಡಿ ಅನ್ನುವ ಗುರುತು ಇದೆ ಅಂತ. ನಿಮ್ಮಲ್ಲಿ ಅದು ಇಲ್ಲ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಜನ ಹೀಗೆ ಇರುತ್ತಾರೆ. ಅದು ಕಾಯಿಲೆ ಅಲ್ಲ. ಮೊದಲ ಹೆರಿಗೆಯಲ್ಲಿ ಮಗುವಿನ ಸ್ವಲ್ಪ ರಕ್ತ ಅಮ್ಮನ ಮೈಗೆ ಸೇರುತ್ತದೆ. ಅಮ್ಮನ ಮೈ ಅದನ್ನು ನೋಡಿ ‘ಇದು ನಮ್ಮದಲ್ಲ’ ಅಂತ ಕಲಿತು, ಅದರ ವಿರುದ್ಧ ಆಂಟಿಬಾಡಿ ಮಾಡಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮೊದಲ ಮಗು ಹೊರಗೆ ಬಂದಾಗಿರುತ್ತದೆ. ಅದಕ್ಕೆ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಮುಂದಿನ ಮಗುವಿಗೆ. ಅದೂ ಪಾಸಿಟಿವ್ ಆಗಿದ್ದರೆ ಆ ಆಂಟಿಬಾಡಿಗಳು ಮಾಸು ದಾಟಿ ಹೋಗಿ ಮಗುವಿನ ಕೆಂಪು ಕಣಗಳನ್ನು ಒಡೆಯುತ್ತವೆ. ಮಗು ಬಿಳುಚಿಕೊಂಡು, ವಿಪರೀತ ಕಾಮಾಲೆ ಹಿಡಿದು ಹುಟ್ಟಬಹುದು. ಹೊಟ್ಟೆಯಲ್ಲೇ ತೀರಿಕೊಳ್ಳಲೂಬಹುದು. ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಅಂಥ ಮಕ್ಕಳ ಪೂರ್ತಿ ರಕ್ತ ಬದಲಿಸಲು ರಾತ್ರಿ ಒಂದು ಗಂಟೆಗೆ ಚೀಲ ರೆಡಿ ಮಾಡಿ ಕೊಟ್ಟಿದ್ದೇನೆ. ಹಳದಿ ಮೈಯ ಆ ಮಕ್ಕಳು ಕಣ್ಣ ಮುಂದಿನಿಂದ ಹೋಗಿಲ್ಲ.

ಆಂಟಿ-ಡಿ ಸೂಜಿ ಮಾಡುವುದು ಇಷ್ಟೇ: ನಿಮ್ಮ ಮೈ ಪಾಠ ಕಲಿಯುವ ಮೊದಲೇ ಮಗುವಿನ ಆ ಕಣಗಳನ್ನು ಗುಡಿಸಿ ತೆಗೆಯುತ್ತದೆ. ಸಾಮಾನ್ಯವಾಗಿ 28 ವಾರಕ್ಕೆ ಒಮ್ಮೆ, ಮಗು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯ ಒಳಗೆ ಇನ್ನೊಮ್ಮೆ. ಗರ್ಭ ಇಳಿದಾಗ, ತೆಗೆಸಿದಾಗ, ಬಸುರಿ ಬಿದ್ದು ಹೊಟ್ಟೆಗೆ ಪೆಟ್ಟಾದಾಗಲೂ ಬೇಕಾಗುತ್ತದೆ. ಈ ಮಾತು ಮನೆಯಲ್ಲೇ ಮುಚ್ಚಿಡುವವರು ಜಾಸ್ತಿ, ದಯವಿಟ್ಟು ಮುಚ್ಚಿಡಬೇಡಿ.

ಮೊದಲ ಹೆರಿಗೆಯಲ್ಲಿ ಸೂಜಿ ಕೊಟ್ಟಿದ್ದರಾ ಅಂತ ಹಳೆಯ ಡಿಸ್ಚಾರ್ಜ್ ಕಾಗದದಲ್ಲಿ ಹುಡುಕಿ. ಮಲಯಾಳ ಓದಲು ಬರದಿದ್ದರೆ ಆಶಾ ಕಾರ್ಯಕರ್ತೆಗೆ ತೋರಿಸಿ. ಜೊತೆಗೆ ಈ ವಾರವೇ ಐಸಿಟಿ ಅನ್ನುವ ರಕ್ತಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ನಿಮ್ಮ ಮೈಯಲ್ಲಿ ಆಂಟಿಬಾಡಿ ಈಗಾಗಲೇ ಇದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಇದ್ದರೆ ಸೂಜಿಯಿಂದ ಪ್ರಯೋಜನ ಇಲ್ಲ, ಮಗುವನ್ನು ಬೇರೆ ರೀತಿಯಲ್ಲಿ ನೋಡಿಕೊಳ್ಳುತ್ತಾರೆ. ಇಲ್ಲದಿದ್ದರೆ ಸೂಜಿ ತಪ್ಪಿಸಬಾರದು.

ದುಬಾರಿ ಹೌದು. ಆ ಔಷಧಿ ಬರುವುದು ಮನುಷ್ಯರ ಪ್ಲಾಸ್ಮಾದಿಂದ, ಅಂದರೆ ರಕ್ತದ ಹಳದಿ ನೀರಿನ ಭಾಗದಿಂದ. ಆಸ್ಟ್ರೇಲಿಯಾದಲ್ಲಿ ಜೇಮ್ಸ್ ಹ್ಯಾರಿಸನ್ ಅನ್ನುವವರ ರಕ್ತದಲ್ಲಿ ಆಂಟಿ-ಡಿ, ಅಂದರೆ ಡಿ ವಿರುದ್ಧದ ಆಂಟಿಬಾಡಿ, ಜಾಸ್ತಿ ಇತ್ತು. ಅವರು 1954ರಿಂದ 2018ರವರೆಗೆ 1,173 ಸಲ ದಾನ ಮಾಡಿದರು. 81 ವರ್ಷ ಆಗುವವರೆಗೂ ತೋಳು ಚಾಚಿ ಕೂತರು. 2025ರಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನಾನು ದೇವರ ಮುಂದೆ ಅವರಿಗೂ ಒಂದು ದೀಪ ಹಚ್ಚಿದೆ.

ಪ್ರಶ್ನೆ: ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಆಪರೇಷನ್ನಿಗೆ ರಕ್ತ ಬೇಕು ಅಂದರು. ಇಬ್ಬರದ್ದೂ ಬಿ ಪಾಸಿಟಿವ್. ನನ್ನ ರಕ್ತ ತೆಗೆದರು, ಆದರೆ ಅವನಿಗೆ ಕೊಟ್ಟದ್ದು ಬೇರೆ ಯಾರದ್ದೋ. ಹಣವನ್ನೂ ತೆಗೆದುಕೊಂಡರು. ಸ್ವಂತ ಅಣ್ಣನ ರಕ್ತ ಇರುವಾಗ ಹೊರಗಿನವರದ್ದು ಯಾಕೆ? ನನ್ನದನ್ನು ಮಾರಿದರಾ? (ಓದುಗ, ಅಡೂರು)

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ತೋಳು ಕೊಟ್ಟು ಮಲಗಿದವರಿಗೆ ಇಷ್ಟನ್ನು ಬಿಡಿಸಿ ಹೇಳಬೇಕಿತ್ತು. ಯಾರೂ ಹೇಳಲಿಲ್ಲ, ಅದು ತಪ್ಪು.

ತೋಳಿನಿಂದ ತೆಗೆದ ರಕ್ತವನ್ನು ಹಾಗೇ ಇನ್ನೊಬ್ಬರಿಗೆ ಹಾಕುವಂತಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಇವಿಷ್ಟನ್ನೂ ನೋಡಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು. ತಮ್ಮನ ಆಪರೇಷನ್ ಕಾಯುವುದಿಲ್ಲ. ಹಾಗಾಗಿ ಮೊದಲೇ ಪರೀಕ್ಷೆ ಮುಗಿದು ಫ್ರಿಜ್ಜಿನಲ್ಲಿ ಇದ್ದ ಬಿ ಪಾಸಿಟಿವ್ ಚೀಲವನ್ನು ತಮ್ಮನ ಸ್ಯಾಂಪಲ್ ಜೊತೆ ಕ್ರಾಸ್‌ಮ್ಯಾಚ್ ಮಾಡಿ (ಎರಡನ್ನೂ ಬೆರೆಸಿ ಗಡ್ಡೆ ಕಟ್ಟುತ್ತದಾ ಅಂತ ನೋಡಿ) ಕೊಟ್ಟಿದ್ದಾರೆ. ಖಾಲಿಯಾದ ಆ ಜಾಗಕ್ಕೆ ನಿಮ್ಮದು ಹೋಗಿದೆ. ಇಡಿಯಾಗಿಯೂ ಅಲ್ಲ. ಕೆಂಪು ಕಣ ಬೇರೆ, ಪ್ಲೇಟ್‌ಲೆಟ್ ಬೇರೆ, ಪ್ಲಾಸ್ಮಾ ಬೇರೆ ಮಾಡುತ್ತಾರೆ. ಕೆಂಪು ಕಣ ಫ್ರಿಜ್ಜಿನಲ್ಲಿ 35ರಿಂದ 42 ದಿನ ಇರುತ್ತದೆ. ಪ್ಲಾಸ್ಮಾವನ್ನು ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿಟ್ಟರೆ ಒಂದು ವರ್ಷ. ಪ್ಲೇಟ್‌ಲೆಟ್ ಐದೇ ದಿನ, ಅದೂ ಫ್ರಿಜ್ಜಿನಲ್ಲಿ ಅಲ್ಲ, ತಂಪು ಕೋಣೆಯಲ್ಲಿ ಯಂತ್ರದ ಮೇಲೆ ಅಲುಗಾಡುತ್ತಾ ಇರಬೇಕು. ಮಳೆಗಾಲದಲ್ಲಿ ಡೆಂಗಿ ಬಂದಾಗ ಓಡಾಟ ಆಗುವುದು ಇದಕ್ಕೇ.

ಇನ್ನು ‘ಸ್ವಂತ ಅಣ್ಣನ ರಕ್ತ’. ನಾವು ರಕ್ತಸಂಬಂಧ ಅನ್ನುತ್ತೇವೆ, ಹಾಗಾಗಿ ಮನೆಯವರದ್ದೇ ಒಳ್ಳೆಯದು ಅಂತ ಅನ್ನಿಸುತ್ತದೆ. ಆದರೆ ರಕ್ತ ಹಾಕುವ ವಿಷಯದಲ್ಲಿ ಅಪ್ಪ, ಅಮ್ಮ, ಅಣ್ಣ, ತಮ್ಮ, ಮಕ್ಕಳು ಕೊಟ್ಟದ್ದರಲ್ಲೇ ಒಂದು ವಿಶೇಷ ಅಪಾಯ ಇದೆ. ದಾನಿಯ ಬಿಳಿ ಕಣಗಳು ಸ್ವಲ್ಪ ಚೀಲದಲ್ಲಿ ಉಳಿದಿರುತ್ತವೆ. ಹೊರಗಿನವರ ಬಿಳಿ ಕಣಗಳಾದರೆ ರೋಗಿಯ ಮೈ ಗುರುತು ಹಿಡಿದು ಮುಗಿಸಿಬಿಡುತ್ತದೆ. ಅಣ್ಣನದ್ದಾದರೆ ತನ್ನವೇ ಇರಬೇಕು ಅಂತ ಸುಮ್ಮನೆ ಬಿಡಬಹುದು. ಅವು ಅಲ್ಲೇ ನೆಲೆ ನಿಂತು ರೋಗಿಯ ಚರ್ಮ, ಕರುಳು, ಮೂಳೆಮಜ್ಜೆಯ ಮೇಲೆ ಬೀಳುತ್ತವೆ. ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಹತ್ತಿರದ ಸಂಬಂಧಿಯದ್ದನ್ನು ಕೊಡಲೇಬೇಕಾದರೆ ಆ ಚೀಲವನ್ನು ವಿಕಿರಣಕ್ಕೆ ಒಡ್ಡಿ ಬಿಳಿ ಕಣಗಳನ್ನು ಸುಮ್ಮನಾಗಿಸಿ ಕೊಡುತ್ತಾರೆ. ಅಂದರೆ ನಿಮ್ಮ ತಮ್ಮನಿಗೆ ಯಾರದ್ದೋ ರಕ್ತ ಹಾಕಿದ್ದು ಅವನ ಒಳ್ಳೆಯದಕ್ಕೇ.

ಹಣ ತೆಗೆದುಕೊಂಡದ್ದು ರಕ್ತದ ಬೆಲೆ ಅಲ್ಲ, ಚೀಲ ಮತ್ತು ಪರೀಕ್ಷೆಗಳ ಖರ್ಚು. ರಕ್ತ ಮಾರುವುದನ್ನು ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 1998ರ ಜನವರಿ 1ರಿಂದ ನಿಲ್ಲಿಸಿದ್ದಾರೆ. ಬಿಲ್ಲಿನಲ್ಲಿ ಯಾವುದಕ್ಕೆ ಎಷ್ಟು ಅಂತ ಕೇಳುವ ಹಕ್ಕು ನಿಮಗಿದೆ. ಧೈರ್ಯವಾಗಿ ಕೇಳಿ.

ಪ್ರಶ್ನೆ: ಎ ಇದೆ, ಬಿ ಇದೆ, ಆಮೇಲೆ ನೇರ ಓ. ಸಿ ಯಾಕೆ ಇಲ್ಲ? (ಎಂಟನೇ ತರಗತಿ ವಿದ್ಯಾರ್ಥಿನಿ, ಕನ್ನಡ ಮಾಧ್ಯಮ ಶಾಲೆ, ಪೆರ್ಲ)

ಉತ್ತರ: ಪುಟ್ಟೀ, ಸಿ ಇತ್ತು! ಆಸ್ಟ್ರಿಯಾ ದೇಶದ ವಿಯೆನ್ನಾ ಊರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಅನ್ನುವ ಡಾಕ್ಟರ್ ಇದ್ದರು. ಅವರು ತನ್ನ ರಕ್ತ, ಲ್ಯಾಬಿನ ಐದು ಜನರ ರಕ್ತ, ಒಟ್ಟು ಆರು ಜನರದ್ದು ತೆಗೆದುಕೊಂಡು ಒಬ್ಬರ ಕಣಕ್ಕೆ ಇನ್ನೊಬ್ಬರ ಸೀರಮ್ ಬೆರೆಸಿ ನೋಡಿದರು. ಕೆಲವು ಗಡ್ಡೆ ಕಟ್ಟಿದವು, ಕೆಲವು ಕಟ್ಟಲಿಲ್ಲ. ಅದನ್ನು ನೋಡಿ 1901ರಲ್ಲಿ ಎ, ಬಿ, ಸಿ ಅಂತ ಮೂರು ಗುಂಪು ಮಾಡಿದರು. ಆ ಸಿಯೇ ಮುಂದೆ ಓ ಆಯಿತು. ಆರು ಜನರಲ್ಲಿ ಎಬಿ ಇದ್ದವರು ಒಬ್ಬರೂ ಇರಲಿಲ್ಲ, ಹಾಗಾಗಿ ಎಬಿ ಅವರ ಕಣ್ಣಿಗೆ ಬೀಳಲಿಲ್ಲ. ಮರುವರ್ಷ ಅವರ ಜೊತೆಯವರೇ ಇನ್ನೂ ಜಾಸ್ತಿ ಜನರನ್ನು ನೋಡಿ ಅದನ್ನು ಕಂಡುಹಿಡಿದರು. 1930ರಲ್ಲಿ ಲ್ಯಾಂಡ್‌ಸ್ಟೈನರ್‌ಗೆ ನೊಬೆಲ್ ಬಂತು. ಅವರು ಹುಟ್ಟಿದ ಜೂನ್ 14ನ್ನು ಈಗ ವಿಶ್ವ ರಕ್ತದಾನಿಗಳ ದಿನ ಅಂತ ಮಾಡುತ್ತಾರೆ. ನಿನ್ನ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ನಿನಗೆ 18 ತುಂಬಿ, ತೂಕ 45 ಕಿಲೋ ದಾಟಿದ ಮೇಲೆ ನೀನೂ ಒಮ್ಮೆ ಕೊಡು.

ಪ್ರಶ್ನೆ: ನಾನು ಎಬಿ ಪಾಸಿಟಿವ್. ನನಗೆ ಯಾರ ರಕ್ತವೂ ಆಗುತ್ತದೆ, ನನ್ನದು ಮಾತ್ರ ಎಬಿಯವರಿಗೆ ಬಿಟ್ಟು ಯಾರಿಗೂ ಆಗುವುದಿಲ್ಲ. ಹಾಗಾದರೆ ನಾನು ದಾನ ಮಾಡಿ ಏನು ಪ್ರಯೋಜನ? (ಶಿಕ್ಷಕ, ಮಂಜೇಶ್ವರ)

ಉತ್ತರ: ಮಾಸ್ಟ್ರೇ, ನೀವು ಹೇಳಿದ್ದು ಕೆಂಪು ಕಣದ ಲೆಕ್ಕ. ಪ್ಲಾಸ್ಮಾದಲ್ಲಿ ಅದು ಪೂರ್ತಿ ತಿರುಗುತ್ತದೆ. ಎ ಗ್ರೂಪಿನವರ ಪ್ಲಾಸ್ಮಾದಲ್ಲಿ ಬಿ ವಿರುದ್ಧದ ಆಂಟಿಬಾಡಿ ಇದೆ, ಬಿಯವರಲ್ಲಿ ಎ ವಿರುದ್ಧದ್ದು ಇದೆ, ಓದವರಲ್ಲಿ ಎರಡೂ ಇವೆ. ನಿಮ್ಮಲ್ಲಿ ಎರಡೂ ಇಲ್ಲ. ಹಾಗಾಗಿ ನಿಮ್ಮ ಪ್ಲಾಸ್ಮಾ ಯಾವ ಗ್ರೂಪಿನವರಿಗೂ ಆಗುತ್ತದೆ. ಸುಟ್ಟಗಾಯದವರು, ರಕ್ತ ನಿಲ್ಲದವರು ಬಂದಾಗ, ಗ್ರೂಪು ನೋಡಲೂ ಪುರುಸೊತ್ತು ಇಲ್ಲದಾಗ ನಾವು ಹುಡುಕುತ್ತಿದ್ದದ್ದು ಎಬಿ ಪ್ಲಾಸ್ಮಾವನ್ನೇ. ಎಬಿ ಇರುವವರೇ ಕಡಿಮೆ, ಅದರಲ್ಲಿ ಕೊಡುವವರು ಇನ್ನೂ ಕಡಿಮೆ. ಗಂಡಸರು 90 ದಿನಕ್ಕೊಮ್ಮೆ ಕೊಡಬಹುದು, ಹೆಂಗಸರು 120 ದಿನಕ್ಕೊಮ್ಮೆ. ದಯವಿಟ್ಟು ಬನ್ನಿ.

ಪ್ರಶ್ನೆ: ಅಮ್ಮನಿಗೆ ರಕ್ತ ಹಾಕುವ ಮೊದಲು ನರ್ಸು ನಾಲ್ಕು ಸಲ ಹೆಸರು ಕೇಳಿದರು. ಕಾಸರಗೋಡಿನಲ್ಲಿ ಮಾಡಿಸಿದ ಗ್ರೂಪಿನ ಕಾರ್ಡು ಕೊಟ್ಟರೆ ಮಂಗಳೂರಿನಲ್ಲಿ ಅದು ಬೇಡ ಅಂದರು. ಎರಡು ಸಲ ಬೇರೆ ಬೇರೆಯಾಗಿ ರಕ್ತ ತೆಗೆದರು. ಕೇರಳದ ಕಾಗದ ಅಂತ ಹೀಗೆ ಮಾಡುತ್ತಾರಾ? (ಓದುಗಿ, ಉಪ್ಪಳ)

ಉತ್ತರ: ಗಡಿಯಲ್ಲಿ ಇರುವ ನಮಗೆ ಹಾಗೆ ಅನ್ನಿಸುವುದು ಸಹಜ. ಆದರೆ ಇದು ಗಡಿಯ ಮಾತಲ್ಲ. ಅವರದ್ದೇ ಆಸ್ಪತ್ರೆಯ ಕಾರ್ಡು ಕೊಟ್ಟರೂ ಮತ್ತೆ ನೋಡಲೇಬೇಕು. ಯಾಕೆ ಅಂತ ಹೇಳಲು ನನಗೇ ಆದ ಒಂದು ಸಂಗತಿ ಬರೆಯುತ್ತೇನೆ.

1994ರ ಮಳೆಗಾಲ. ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ಹೆರಿಗೆ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಇದ್ದರು. ಒಬ್ಬರು ನಮ್ಮ ಕಡೆಯವರು, ಇನ್ನೊಬ್ಬರು ಘಟ್ಟದ ಮೇಲಿನವರು. ರಕ್ತ ಬೇಕಿದ್ದದ್ದು ನಮ್ಮ ಕಡೆಯವರಿಗೆ. ಸ್ಯಾಂಪಲ್ ಬಂತು, ಗ್ರೂಪು ನೋಡಿದೆ, ಬಿ ಪಾಸಿಟಿವ್. ಕ್ರಾಸ್‌ಮ್ಯಾಚ್ ಮಾಡಿದೆ, ಒಂದು ಕಾಳೂ ಕಟ್ಟಲಿಲ್ಲ. ಚೀಲಕ್ಕೆ ಚೀಟಿ ಅಂಟಿಸಿ ಎತ್ತಿಕೊಂಡೆ. ಆಗ ನನ್ನ ಸೀನಿಯರ್ ‘ಹಳೆಯ ರಿಜಿಸ್ಟರ್ ನೋಡಿದೆಯಾ?’ ಅಂದರು. ನೋಡಿರಲಿಲ್ಲ. ಅವಸರ ಇತ್ತು. ತೆಗೆದು ನೋಡಿದರೆ ಅದೇ ಹೆಂಗಸಿಗೆ ಎರಡು ವರ್ಷದ ಹಿಂದೆ ಅಲ್ಲೇ ಹೆರಿಗೆಯಾಗಿತ್ತು. ಗ್ರೂಪಿನ ಎದುರು ನೀಲಿ ಶಾಯಿಯಲ್ಲಿ ಓ ಅಂತ ಇತ್ತು.

ವಾರ್ಡಿಗೆ ಓಡಿದೆ. ಸ್ಯಾಂಪಲ್ ತೆಗೆದದ್ದು ಘಟ್ಟದವರ ತೋಳಿನಿಂದ. ಓ ಇದ್ದವರ ಮೈಗೆ ಬಿ ಕಣ ಹೋದರೆ ಅಲ್ಲಿ ಕಾದು ಕೂತ ಆಂಟಿಬಾಡಿಗಳು ನಿಮಿಷಗಳಲ್ಲಿ ಅವನ್ನು ಒಡೆಯುತ್ತವೆ. ಮೂತ್ರಪಿಂಡ ನಿಲ್ಲಬಹುದು, ಜೀವ ಹೋಗಬಹುದು. ಕ್ರಾಸ್‌ಮ್ಯಾಚ್ ನನ್ನನ್ನು ಯಾಕೆ ಎಚ್ಚರಿಸಲಿಲ್ಲ? ಟ್ಯೂಬಿನಲ್ಲಿ ಇದ್ದದ್ದೇ ಬೇರೆಯವರ ರಕ್ತ. ಪರೀಕ್ಷೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು, ಆದರೆ ಬೇರೆ ಹೆಂಗಸಿಗೆ. ಎರಡನೆಯ ಸ್ಯಾಂಪಲ್ಲನ್ನು ಬೇರೆ ಹೊತ್ತಿನಲ್ಲಿ, ಬೇರೆಯಾಗಿ ತೆಗೆಯುವುದು ಇದಕ್ಕೇ. ನಾಲ್ಕು ಸಲ ಹೆಸರು ಕೇಳುವುದೂ ಇದಕ್ಕೇ. ಅವತ್ತು ಸಂಜೆ ಬಸ್ಸಿನಲ್ಲಿ ನನ್ನ ಕೈ ನಡುಗುತ್ತಿತ್ತು. ಆಮೇಲೆ 27 ವರ್ಷ, ರಿಜಿಸ್ಟರ್ ನೋಡದೆ ಒಂದು ಚೀಲವನ್ನೂ ಹೊರಗೆ ಕೊಟ್ಟಿಲ್ಲ.

ನೀವು ಅಮ್ಮನ ಹತ್ತಿರ ಕೂರುವಾಗ ಇಷ್ಟು ನೋಡಿ. ನರ್ಸು ‘ನೀವು ಇಂಥವರಾ?’ ಅಂತ ಕೇಳಿದರೆ ಮಂಪರಿನಲ್ಲಿ ಇರುವವರು ಯಾವ ಹೆಸರಿಗೂ ಹೂಂ ಅನ್ನುತ್ತಾರೆ. ‘ನಿಮ್ಮ ಹೆಸರೇನು?’ ಅಂತಲೇ ಕೇಳಲಿ, ಅಮ್ಮನೇ ಹೇಳಲಿ. ಅಮ್ಮನಿಗೆ ಆಗದಿದ್ದರೆ ನೀವು ಪೂರ್ತಿ ಹೆಸರು, ಮನೆ ಹೆಸರು ಹೇಳಿ. ಚೀಲದ ಮೇಲಿನ ಹೆಸರು, ಆಸ್ಪತ್ರೆಯ ನಂಬರು, ಗ್ರೂಪು ನೀವೂ ಓದಿ. ಮೊದಲ ಹದಿನೈದು ನಿಮಿಷ ಹತ್ತಿರವೇ ಇರಿ, ಚಾ ಕುಡಿಯಲು ಕೆಳಗೆ ಹೋಗಬೇಡಿ. ‘ಚಳಿ ಆಗ್ತಿದೆ, ಸೊಂಟ ನೋಯ್ತಿದೆ, ಕೈ ಉರೀತಿದೆ, ಏನೋ ಆಗ್ತಿದೆ’ ಅಂತ ಅಮ್ಮ ಹೇಳಿದರೆ, ಮೂತ್ರ ಕಪ್ಪು ಚಾದ ಬಣ್ಣಕ್ಕೆ ತಿರುಗಿದರೆ, ಕೂಡಲೇ ನರ್ಸನ್ನು ಕೂಗಿ. ರಕ್ತ ನಿಲ್ಲಿಸುವುದು ಅವರ ಮೊದಲ ಕೆಲಸ. ಸುಮ್ನೆ ಹೆದರಿ ಕೂಗಿದಿರಿ ಅಂತ ಆದರೂ ಪರವಾಗಿಲ್ಲ, ಯಾರೂ ಬೈಯುವುದಿಲ್ಲ.